ಬಾಯಿ ಕಟ್ಟು ಅನ್ನುವ ಮೊದಲು

ಅಕ್ಕನಿಗೆ ಶುಗರ್ ಬಂದು ಆರು ವರ್ಷವಾಯಿತು. ಅದರಲ್ಲಿ ಎರಡು ವರ್ಷ ಅವಳು ಡಾಕ್ಟರ ಹತ್ತಿರ ಹೋಗಲೇ ಇಲ್ಲ. ಮೊನ್ನೆ ಯಾಕೆ ಅಂತ ಕೇಳಿದೆ. "ಹೋದಾಗೆಲ್ಲ ತೂಕದ ಮಷಿನ್ ಮೇಲೆ ನಿಲ್ಲಿಸಿ, ಎಲ್ಲರ ಎದುರಿಗೇ ನಂಬರ್ ಓದ್ತಾರೆ. ಬಾಯಿ ಕಟ್ಟೋಕೆ ಆಗಲ್ವಾ ಅಂತಾರೆ. ಅದನ್ನ ಕೇಳಿಸ್ಕೊಳ್ಳೋಕೆ ಯಾಕೆ ಹೋಗ್ಲಿ?" ಅಂದಳು.

ಆ ಎರಡು ವರ್ಷದಲ್ಲಿ ಅವಳ ಕಣ್ಣಿನೊಳಗಿನ ಸಣ್ಣ ರಕ್ತನಾಳಗಳು ಸೋರತೊಡಗಿದ್ದವು. ಶುರುವಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ನೋವಿಲ್ಲ, ಮಂಜಿಲ್ಲ. ಅದಕ್ಕೇ ಶುಗರ್ ಇರುವವರು ಕಣ್ಣಿನ ಒಳಪದರವನ್ನು ವರ್ಷಕ್ಕೊಮ್ಮೆಯಾದರೂ ತೋರಿಸಿಕೊಳ್ಳಬೇಕು ಅನ್ನುವುದು. ನಾಚಿಕೆಯಿಂದ ಮನೆಯಲ್ಲೇ ಕೂತರೆ ತಪ್ಪಿಹೋಗುವುದು ಇದೇ. ಮನೆಯವರಾದ ನಾವೂ ಅವಳ ತಟ್ಟೆಯ ಮೇಲೇ ಕಣ್ಣಿಟ್ಟಿದ್ದೆವು. ನನಗೆ ಇವತ್ತಿಗೂ ಅದು ಚುಚ್ಚುತ್ತದೆ.

ದಪ್ಪಗಿರುವವರನ್ನು ಕಂಡರೆ "ಜಾಸ್ತಿ ತಿಂತಾರೆ, ಮೈ ಬಗ್ಗಿಸಲ್ಲ" ಅಂದುಬಿಡುತ್ತೇವೆ, ಅಲ್ವಾ? ದಪ್ಪಗಿರುವ ಎಷ್ಟೋ ಜನರಿಗೆ ಶುಗರ್ ಇರುವುದಿಲ್ಲ, ತೆಳ್ಳಗಿದ್ದವರಿಗೂ ಬರುತ್ತದೆ. ವಂಶದ ಪಾಲಿದೆ. ಕೊಬ್ಬು ಹೊಟ್ಟೆಯೊಳಗೆ, ಲಿವರ್ ಸುತ್ತ ಸೇರಿತೋ ಇಲ್ಲವೋ ಅನ್ನುವುದೂ ಇದೆ. ನಿದ್ದೆ ಕೆಟ್ಟರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ರಾತ್ರಿ ಪಾಳಿ ಮಾಡುವವರು ಯಾವ ಬಾಯಿ ಕಟ್ಟಬೇಕು ಹೇಳಿ.

ಮನಸ್ಸು ಮಾಡಿದರೆ ಶುಗರ್ ತಡೆಯಬಹುದು ಅನ್ನುವವರು ಅಮೆರಿಕದ ಒಂದು ದೊಡ್ಡ ಅಧ್ಯಯನದ ಮಾತೆತ್ತುತ್ತಾರೆ. 2002ರಲ್ಲಿ ಪ್ರಕಟವಾದದ್ದು. ಶುಗರ್ ಬರುವ ಅಂಚಿನಲ್ಲಿದ್ದವರು ತೂಕವನ್ನು 7% ಇಳಿಸಿ, ವಾರಕ್ಕೆ 150 ನಿಮಿಷ ನಡೆಯುವ ಗುರಿ ಇಟ್ಟುಕೊಂಡರು. ಅವರಲ್ಲಿ ಕಾಯಿಲೆ ಬರುವುದು 58% ಕಡಿಮೆಯಾಯಿತು. ನಿಜ, ದೊಡ್ಡ ಸಂಗತಿ. ಆದರೆ ಅವರನ್ನು ಸುಮ್ನೆ ಬೈದು ಕಳಿಸಿರಲಿಲ್ಲ. ಒಬ್ಬೊಬ್ಬರಿಗೂ ಒಬ್ಬ ಮಾರ್ಗದರ್ಶಕರಿದ್ದರು. ಮೊದಲ ಆರು ತಿಂಗಳಲ್ಲೇ ಎದುರುಬದುರು ಕೂತು 16 ಪಾಠ ನಡೆಸಿದ್ದರು. ಅಕ್ಕನಿಗೆ ಸಿಕ್ಕಿದ್ದು ಎರಡು ನಿಮಿಷ.

ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು ಅಧ್ಯಯನ. 1994ರಿಂದ 1998ರವರೆಗೆ ಅಮೆರಿಕದ ಐದು ನಗರಗಳಲ್ಲಿ, ಕಡುಬಡವರ ಕೇರಿಗಳಲ್ಲಿದ್ದ ಕೆಲವು ಕುಟುಂಬಗಳಿಗೆ ಲಾಟರಿ ಎತ್ತಿ, ಬಡತನ ಕಡಿಮೆ ಇರುವ ಕಡೆ ಮನೆ ಮಾಡಲು ಬಾಡಿಗೆ ನೆರವು ಕೊಟ್ಟರು. ಪಥ್ಯ ಹೇಳಲಿಲ್ಲ, ವ್ಯಾಯಾಮ ಕಲಿಸಲಿಲ್ಲ. ಹತ್ತು ಹದಿನೈದು ವರ್ಷದ ನಂತರ ಆ ಮನೆಗಳ ಹೆಂಗಸರನ್ನು ಪರೀಕ್ಷೆ ಮಾಡಿದರು. ನೆರವು ಸಿಗದವರಿಗೆ ಹೋಲಿಸಿದರೆ ಇವರಲ್ಲಿ ವಿಪರೀತ ಬೊಜ್ಜೂ ಕಡಿಮೆ, ಶುಗರ್ ಕೂಡ ಕಡಿಮೆ. ಬದಲಾಗಿದ್ದು ವಾಸದ ಜಾಗ. ಬಹುಶಃ ಭಯವಿಲ್ಲದೆ ಹೊರಗೆ ಓಡಾಡುವುದು, ಹತ್ತಿರದಲ್ಲೇ ಒಳ್ಳೆಯ ಊಟ ಸಿಗುವುದು, ಮನಸ್ಸಿನ ಒತ್ತಡ ತಗ್ಗುವುದು, ಎಲ್ಲವೂ ಸೇರಿ ಮೈಗೆ ಇಳಿದಿರಬೇಕು.

ಹಾಗಾಗಿ ನಡೆಯಿರಿ ಅನ್ನುವವರು ಮೊದಲು ನಡೆಯುವ ದಾರಿ ಕೇಳಲಿ. ಸಂಜೆ ಒಬ್ಬ ಹೆಂಗಸು ಹೆದರದೆ ನಡೆಯುವಂಥ, ದೀಪವಿರುವ ದಾರಿ. ದುಡಿಯುವವರಿಗೆ ಊಟಕ್ಕೆ, ನಿದ್ದೆಗೆ ಹೊತ್ತು ಕೇಳಲಿ. ಮೆಕ್ಸಿಕೋ 2014ರಲ್ಲಿ ಸಿಹಿ ಪಾನೀಯಗಳ ಮೇಲೆ ತೆರಿಗೆ ಹಾಕಿತು, ಜನ ಕೊಳ್ಳುವುದು ಇಳಿಯಿತು. ಇಂಥದ್ದನ್ನು ಒಬ್ಬೊಬ್ಬರೇ ಬಾಯಿ ಕಟ್ಟಿ ಮಾಡಲಾಗುವುದಿಲ್ಲ.

ಅಕ್ಕನ ಕಣ್ಣಿಗೆ ಲೇಸರ್ ಚಿಕಿತ್ಸೆ ಆಗಿದೆ. ಮುಂದಿನ ಸಲ ನಾನೂ ಜೊತೆಗೆ ಹೋಗುತ್ತೇನೆ. ತೂಕವನ್ನು ಒಳಗಿನ ಕೋಣೆಯಲ್ಲಿ ನೋಡಿ, ನಂಬರನ್ನು ಅವಳಿಗೆ ಮಾತ್ರ ಹೇಳಿ ಅಂತ ಕೇಳಬೇಕು.