ಬ್ಯಾಟ್ ಬೀಸಬೇಡ ಮಗಳೇ, ತ್ಯಾಗ ಮಾಡು

ಶನಿವಾರ ಬೆಳಗ್ಗೆ ಎಂಟು ಗಂಟೆಗೆ ಡಲ್ಲಾಸ್ ಪಕ್ಕದ ಒಂದು ಸಾಫ್ಟ್‌ಬಾಲ್ ಗ್ರೌಂಡಲ್ಲಿ ಮಡಚೋ ಕುರ್ಚಿ ಹಾಕ್ಕೊಂಡು ಕೂತಿದ್ದೆ, ಮೊಮ್ಮಗಳ ಆಟ ನೋಡ್ಲಿ ಅಂತ ತುಮಕೂರಲ್ಲಿರೋ ಅಮ್ಮಂಗೆ ವಿಡಿಯೋ ಕಾಲ್ ಮಾಡಿದ್ದೆ, ಅಲ್ಲಿ ದೀಪ ಹಚ್ಚೋ ಹೊತ್ತು. ಪುಟ್ಟಿ ಬ್ಯಾಟ್ ಹಿಡ್ಕೊಂಡು ಬಂದ್ಲು. ಬಾಲ್ ಬರೋಕೆ ಮುಂಚೆನೇ ಬ್ಯಾಟನ್ನ ಅಡ್ಡಕ್ಕೆ ತಿರುಗಿಸಿ ಬಗ್ಗಿ ನಿಂತ್ಲು, ಬಾಲ್ ತಗುಲಿ ಎರಡು ಮಾರು ದೂರ ಉರುಳ್ತು, ಇವಳು ಓಡಿದ್ಲು, ಔಟು. ಟೀಮಿಗೆ ಟೀಮೇ ಎದ್ದು ನಿಂತು ಚಪ್ಪಾಳೆ.

"ಯಾಕೋ, ಔಟಾದ್ರೆ ಚಪ್ಪಾಳೆ ಹೊಡೀತಾರಾ ಅಲ್ಲಿ?" ಅಂದ್ರು ಅಮ್ಮ.

"ಅದು ಸ್ಯಾಕ್ರಿಫೈಸ್ ಬಂಟ್ ಅಮ್ಮ. ತ್ಯಾಗ ಮಾಡಿದ್ಲು."

"ಹತ್ತು ವರ್ಷದ ಮಗು ಎಂಥ ತ್ಯಾಗನೋ ಮಾಡೋದು? ಹಾಲು ಕುಡಿಸಿ ಕರ್ಕೊಂಡು ಬಂದ್ಯಾ ಇಲ್ವಾ?"

ಗೊತ್ತಿಲ್ಲದವರಿಗೆ ಹೇಳ್ಬಿಡ್ತೀನಿ. ಸಾಫ್ಟ್‌ಬಾಲ್ ಅಂದ್ರೆ ಬೇಸ್‌ಬಾಲಿನ ತಂಗಿ, ಒಂದು ರನ್ ಬೇಕಂದ್ರೆ ಫಸ್ಟ್, ಸೆಕೆಂಡ್, ಥರ್ಡ್ ಅಂತ ಮೂರು ಬೇಸ್ ದಾಟಿ ಹೊರಟ ಜಾಗಕ್ಕೇ ವಾಪಸ್ ಓಡಿ ಬರಬೇಕು. ಫಸ್ಟ್ ಬೇಸಲ್ಲಿ ನಮ್ಮವಳೊಬ್ಬಳು ನಿಂತಿದ್ರೆ ಅವಳನ್ನ ಸೆಕೆಂಡ್ ಬೇಸಿಗೆ ದಾಟಿಸೋಕೆ ಅಂತ ಬ್ಯಾಟ್ ಮಾಡೋಳು ಬೇಕು ಅಂತಲೇ ಬಾಲನ್ನ ಮೆಲ್ಲಗೆ ತಟ್ಟಿ ತಾನು ಔಟಾಗೋದು, ಅದೇ ಸ್ಯಾಕ್ರಿಫೈಸ್ ಬಂಟ್. ದೊಡ್ಡವರ ಆಟದಲ್ಲಿ, ಎದುರಿಗೆ ಬೆಂಕಿಯಂಥ ಪಿಚರ್ (ಬಾಲ್ ಎಸೆಯೋಳು) ಇದ್ದು ಒಂದೇ ಒಂದು ರನ್ನಲ್ಲಿ ಮ್ಯಾಚ್ ತೀರ್ಮಾನ ಆಗೋ ಕಡೆ ಇದಕ್ಕೊಂದು ಅರ್ಥ ಇದೆ, ಇಲ್ಲ ಅನ್ನಲ್ಲ. ಆದ್ರೆ ನಮ್ಮದು ಟೆನ್-ಯೂ, ಅಂದ್ರೆ ಹತ್ತು ವರ್ಷ ಮತ್ತೆ ಅದಕ್ಕಿಂತ ಚಿಕ್ಕೋರು. ಪಿಚರ್ ನಿಲ್ಲೋದು 35 ಅಡಿ ದೂರದಲ್ಲಿ, ಬೇಸಿಂದ ಬೇಸಿಗೆ 60 ಅಡಿ, ಇನ್ನಿಂಗ್ಸ್ ಮಧ್ಯೆ ಶೂ ಲೇಸ್ ಕಟ್ಟೋಕೆ ಅಮ್ಮ ಬರಬೇಕು. ಇಲ್ಲಿ ತ್ಯಾಗ!

ನಮ್ಮ ಕೋಚ್ ಥರ್ಡ್ ಬೇಸ್ ಪಕ್ಕ ನಿಂತ್ಕೊಂಡು ಸಿಗ್ನಲ್ ಕೊಡ್ತಾರೆ. ಮೂಗು ಮುಟ್ಟಿ, ಕಿವಿ ಮುಟ್ಟಿ, ಎದೆ ಸವರಿ, ಬೆಲ್ಟ್ ತಟ್ಟಿ, ಮತ್ತೆ ಕಿವಿಗೆ ಬರ್ತಾರೆ, ನಮ್ಮ ತಾತ ಸಂಧ್ಯಾವಂದನೇಲಿ ಅಂಗನ್ಯಾಸ ಮಾಡ್ತಿದ್ದಿದ್ದು ಥೇಟ್ ಹಿಂಗೇ. ವ್ಯತ್ಯಾಸ ಏನಂದ್ರೆ ತಾತಂಗೆ ಮಂತ್ರ ಹತ್ತಾರು ಬರ್ತಿತ್ತು, ಇವರ ಅಷ್ಟೂ ಮುದ್ರೆಗೆ ಅರ್ಥ ಒಂದೇ, ಬಂಟ್. ಎದುರು ಟೀಮಿಗೂ ಗೊತ್ತು, ಅಂಪೈರಿಗೂ ಗೊತ್ತು, ಸ್ನ್ಯಾಕ್ಸ್ ಮಾರೋ ಹುಡುಗನಿಗೂ ಗೊತ್ತು. ಮಗು ಹೆಲ್ಮೆಟ್ಟೊಳಗಿಂದ ಒಂದ್ಸಲ ಅವರ ಕಡೆ ನೋಡಿ ತಲೆ ಆಡಿಸುತ್ತೆ. ನಮ್ಮೂರ ಮಾರಿ ಹಬ್ಬದಲ್ಲಿ ಕುರಿ ತಲೆ ಮೇಲೆ ನೀರು ಚಿಮುಕಿಸಿ ಕಾಯ್ತಾರಲ್ಲ, ಅದು ತಣ್ಣಗಾಗಿ ತಲೆ ಒದರಿದ ತಕ್ಷಣ "ಒಪ್ಕೊಂತು, ಒಪ್ಕೊಂತು" ಅಂತ ಕೂಗ್ತಾರಲ್ಲ, ನಂಗೆ ಪ್ರತಿ ಶನಿವಾರ ಅದೇ ನೆನಪಾಗೋದು.

ಇನ್ನೊಂದು ಮಜಾ ಇದೆ. ಮೂರು ಸ್ಟ್ರೈಕಿಗೆ ಔಟ್, ಬೀಸಿ ತಪ್ಪಿದ್ರೂ ಒಂದು ಸ್ಟ್ರೈಕ್, ಮೊದಲೆರಡರಲ್ಲಿ ಬಾಲ್ ಗೆರೆ ಆಚೆ ಹೋಗಿ ಫೌಲ್ ಆದ್ರೂ ಒಂದು ಸ್ಟ್ರೈಕ್. ಎರಡು ಸ್ಟ್ರೈಕ್ ಆದ್ಮೇಲೆ ಬಂಟ್ ಮಾಡೋಕೆ ಹೋಗಿ ಬಾಲ್ ಫೌಲ್ ಆದ್ರೆ ಔಟ್ ಅಂತ ರೂಲ್. ಹಂಗಾಗಿ ಮೊದಲೆರಡು ಬಾಲ್ ಬಂಟ್ ಹಾಕಿಸ್ತಾರೆ, ಎರಡೂ ಫೌಲ್ ಆಗುತ್ತೆ, ಆಮೇಲೆ ಕೋಚ್ ಚಪ್ಪಾಳೆ ತಟ್ಟಿ "ನೌ ಸ್ವಿಂಗ್ ಅವೇ, ಸ್ವೀಟ್‌ಹಾರ್ಟ್!" ಅಂತ ಕಿರುಚ್ತಾರೆ. ಅಂದ್ರೆ ಆ ಮಗುಗೆ ಬ್ಯಾಟ್ ಬೀಸೋ ಸ್ವಾತಂತ್ರ್ಯ ಸಿಗೋದು ಕುತ್ತಿಗೆ ಮೇಲೆ ಕತ್ತಿ ಇಟ್ಟ ಮೇಲೆ. ಬೀಸುತ್ತೆ, ತಪ್ಪುತ್ತೆ, ಔಟಾಗುತ್ತೆ. ಕೋಚ್ ನಮ್ಮ ಕಡೆ ತಿರುಗಿ ಭುಜ ಕುಣಿಸ್ತಾರೆ, ನೋಡಿದ್ರಾ, ಇವಳಿಗೆ ಹಿಟ್ಟಿಂಗ್ ಬರಲ್ಲ, ಅದಕ್ಕೇ ಬಂಟ್ ಕೊಡೋದು. ಈಜು ಬರೋತನಕ ನೀರಿಗಿಳಿಯಬೇಡ ಅನ್ನೋ ಗುರುಗಳು.

ಹೋಗ್ಲಿ ಈ ತ್ಯಾಗ ಎಲ್ಲರೂ ಮಾಡ್ತಾರಾ ಅಂದ್ರೆ ಅದೂ ಇಲ್ಲ. ಕೋಚ್ ಮಗಳು ನಾಲ್ಕನೇ ನಂಬರಲ್ಲಿ ಬರ್ತಾಳೆ, ಅವಳಿಗೆ ಕಿವಿ ಮುಟ್ಟೋ ಸಿಗ್ನಲ್ ಇವತ್ತಿನವರೆಗೂ ಬಂದಿಲ್ಲ, ಅಸಿಸ್ಟೆಂಟ್ ಕೋಚ್ ಮಗಳು ಮೂರನೇ ನಂಬರು, ಅವಳೂ ಬೀಸ್ತಾಳೆ. ಇಲ್ಲಿನ ಅಪ್ಪ ಅಮ್ಮಂದಿರು ಇದಕ್ಕೆ ಡ್ಯಾಡಿ ಬಾಲ್ ಅಂತ ಹೆಸರಿಟ್ಟಿದ್ದಾರೆ. ತ್ಯಾಗಮಯಿಗಳೆಲ್ಲ ಎಂಟನೇ ನಂಬರಿಂದ ಹನ್ನೆರಡರವರೆಗೆ, ಅಂದ್ರೆ ಹೊಡೆಯೋದು ಯಾರು ಕಲೀಬೇಕೋ ಅವರೇ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅಂತಾರಲ್ಲ, ಇಲ್ಲಿ ಯಾರದೋ ಮಗು.

ಲೆಕ್ಕ ಹಾಕಿದೆ ನಾನು, ಸಾಫ್ಟ್‌ವೇರ್ ಕೆಲಸದವನಿಗೆ ಎಕ್ಸೆಲ್ ಶೀಟ್ ಬಿಟ್ಟು ಬೇರೆ ದುಃಖ ತೋಡ್ಕೊಳ್ಳೋ ಜಾಗ ಎಲ್ಲಿದೆ. ಒಂದು ಮ್ಯಾಚಿಗೆ 75 ನಿಮಿಷ, ಅಷ್ಟರಲ್ಲಿ ಮೂರು ಇನ್ನಿಂಗ್ಸ್ ಆದ್ರೆ ದೊಡ್ಡದು, ಹನ್ನೆರಡು ಮಕ್ಕಳು, ಒಬ್ಬಳಿಗೆ ಬ್ಯಾಟಿಂಗ್ ಬರೋದು ಎರಡು ಸಲ. ಸೀಸನ್ನಿಗೆ 12 ಮ್ಯಾಚ್, 24 ಸಲ. ಪುಟ್ಟಿ ಅದ್ರಲ್ಲಿ 11 ಸಲ ಬಂಟ್ ಹಾಕಿದ್ಲು, ನಾಲ್ಕು ಸಲ ವಾಕ್ (ಪಿಚರ್ ಸರಿಯಾಗಿ ಎಸೆಯದೆ ಪುಕ್ಕಟೆ ಸಿಗೋ ಫಸ್ಟ್ ಬೇಸ್), ಮಿಕ್ಕಿದ್ದು ಒಂಬತ್ತು. ಒಂಬತ್ತು ಸಲಕ್ಕೋಸ್ಕರ 350 ಡಾಲರಿನ ಬ್ಯಾಟು, ಅರ್ಧ ಗಂಟೆಗೆ 60 ಡಾಲರಿನ ಹಿಟ್ಟಿಂಗ್ ಕ್ಲಾಸು, ಗ್ಯಾರೇಜಲ್ಲಿ ಕಾರ್ ಹೊರಗಟ್ಟಿ ನೆಟ್ಟು. ಅಡ್ಡಕ್ಕೆ ಹಿಡ್ಕೊಂಡು ನಿಲ್ಲೋಕೆ ಅಮ್ಮನ ಅಟ್ಟದ ಮೇಲಿರೋ ಒನಕೆ ಸಾಕಾಗಿತ್ತು. ಅಲ್ಲ, ಒನಕೆಗೂ ಒಂದು ಮರ್ಯಾದೆ ಇದೆ, ಓಬವ್ವ ಆ ಕಿಂಡಿ ಹತ್ರ ಅದನ್ನ ಅಡ್ಡಕ್ಕೆ ಹಿಡ್ಕೊಂಡು ತ್ಯಾಗ ಮಾಡೋಕೆ ನಿಂತಿದ್ರೆ ಚಿತ್ರದುರ್ಗದ ಕಥೆ ಏನಾಗ್ತಿತ್ತು?

ಇಷ್ಟಾದ್ರೂ ಕೋಚಿಗೆ ತಾನು ಚಾಣಕ್ಯ ಅನ್ನೋ ನಂಬಿಕೆ, ಯಾಕಂದ್ರೆ ಬಂಟ್ ಇಲ್ಲಿ ಕೆಲಸ ಮಾಡುತ್ತೆ! ಹೆಂಗೆ ಅಂದ್ರೆ, ಬಾಲ್ ಮೆಲ್ಲಗೆ ಉರುಳಿದ ತಕ್ಷಣ ಪಿಚರ್, ಕ್ಯಾಚರ್, ಥರ್ಡ್ ಬೇಸ್ ಹುಡುಗಿ, ಫಸ್ಟ್ ಬೇಸ್ ಹುಡುಗಿ ನಾಲ್ಕೂ ಜನ ಅದರ ಮೇಲೆ ಬೀಳ್ತಾರೆ, ಫಸ್ಟ್ ಬೇಸ್ ಖಾಲಿ, ಸೆಕೆಂಡ್ ಬೇಸ್ ಹುಡುಗಿ ಓಡಿ ಬಂದು ಅದನ್ನ ಕಾಯಬೇಕು, ಅವಳು ಆ ಹೊತ್ತಿಗೆ ಚಿಟ್ಟೆ ನೋಡ್ತಿರ್ತಾಳೆ, ಯಾರೋ ಎತ್ತಿ ಖಾಲಿ ಬೇಸಿಗೆ ಎಸೀತಾರೆ, ಬಾಲು ರೈಟ್ ಫೀಲ್ಡಿಗೆ ಹೋಗುತ್ತೆ, ಅಲ್ಲಿಂದ ಇನ್ನೊಬ್ಬಳು ಇನ್ನೆಲ್ಲಿಗೋ ಎಸೀತಾಳೆ, ಎರಡು ರನ್ನು. ಕೋಚ್ ಮುಷ್ಟಿ ಕಟ್ಟಿ ಆಕಾಶಕ್ಕೆ ಗುದ್ದುತ್ತಾರೆ. ಸ್ವಾಮಿ, ನೀವು ಗೆದ್ದಿದ್ದು ಬಂಟಿಂದಲ್ಲ, ಎದುರು ಟೀಮಿನ ಮಕ್ಕಳಿಗೆ ಇನ್ನೂ ಎಸೆಯೋಕೆ ಬರಲ್ಲ ಅನ್ನೋದ್ರಿಂದ. ಇನ್ನು ನಾಲ್ಕು ವರ್ಷಕ್ಕೆ ಆ ಮಕ್ಕಳು ಎಸೆಯೋದು ಕಲೀತಾರೆ, ಪಿಚರ್ 43 ಅಡಿಯಿಂದ ಎಸೀತಾಳೆ, ಆಗ ನಿಮ್ಮ ತ್ಯಾಗಮಯಿ ಬರೀ ಬ್ಯಾಟ್ ಅಡ್ಡ ಹಿಡಿಯೋದು ಕಲ್ತು ಹದಿನಾಲ್ಕಕ್ಕೆ ಆಟ ಬಿಟ್ಟು ಮನೇಲಿ ಕೂತಿರ್ತಾಳೆ.

ಎಸೆಯೋಕೆ ಬರೋರ ಲೆಕ್ಕನೂ ನೋಡಿ ಬೇಕಾದ್ರೆ. ಮೇಜರ್ ಲೀಗ್ ಬೇಸ್‌ಬಾಲಲ್ಲಿ ಫಸ್ಟ್ ಬೇಸಲ್ಲಿ ಒಬ್ಬ ಇದ್ದು ಯಾರೂ ಔಟಾಗಿಲ್ಲ ಅಂದ್ರೆ ಆ ಇನ್ನಿಂಗ್ಸಲ್ಲಿ ಮುಂದೆ ಸರಾಸರಿ 0.85ರಿಂದ 0.9 ರನ್ ಬರುತ್ತೆ, ಅವನನ್ನೇ ಸೆಕೆಂಡಿಗೆ ಕಳಿಸಿ ಒಂದು ಔಟ್ ಕೊಟ್ರೆ ಅದು 0.65, 0.7ಕ್ಕೆ ಇಳಿಯುತ್ತೆ. ಬಡ್ಡಿಗೆ ಕೊಟ್ಟು ಅಸಲಿಗೂ ನಾಮ. ಬಾಲ್ಟಿಮೋರ್ ಟೀಮಿನ ಮ್ಯಾನೇಜರ್ ಅರ್ಲ್ ವೀವರ್ ಐವತ್ತು ವರ್ಷದ ಹಿಂದೆನೇ ಬಂಟ್ ಅಂದ್ರೆ ಮುಖ ಸಿಂಡರಿಸ್ತಿದ್ದ. ನಮ್ಮ ಕೋಚಿಗೆ ಆ ಸುದ್ದಿ ಇನ್ನೂ ಬರ್ತಾ ದಾರೀಲಿದೆ.

ಈ ಸಾಫ್ಟ್‌ಬಾಲ್ ಹುಟ್ಟಿದ್ದೇ ಬೀಸಿದ್ದರಿಂದ ಗೊತ್ತಾ? 1887ರಲ್ಲಿ ಶಿಕಾಗೋದ ಒಂದು ಬೋಟ್ ಕ್ಲಬ್ಬಲ್ಲಿ, ಥ್ಯಾಂಕ್ಸ್‌ಗಿವಿಂಗ್ ದಿನ, ಯಾರೋ ಒಬ್ಬ ತಮಾಷೆಗೆ ಬಾಕ್ಸಿಂಗ್ ಗ್ಲೌಸ್ ಎಸೆದ, ಇನ್ನೊಬ್ಬ ಕೈಗೆ ಸಿಕ್ಕಿದ ಕೋಲಲ್ಲಿ ಅದನ್ನ ಬಾರಿಸಿದ, ಪಕ್ಕದಲ್ಲಿದ್ದ ಜಾರ್ಜ್ ಹ್ಯಾನ್‌ಕಾಕ್ ಇದನ್ನೇ ಆಟ ಮಾಡೋಣ ಅಂದ. ಅವತ್ತು ಆ ಪುಣ್ಯಾತ್ಮ ಕೋಲನ್ನ ಅಡ್ಡ ಹಿಡಿದಿದ್ರೆ ಗ್ಲೌಸ್ ಕಾಲಬುಡಕ್ಕೆ ಬಿದ್ದು ಎಲ್ಲರೂ ಊಟಕ್ಕೆ ಹೋಗ್ತಿದ್ರು. ಇಲ್ಲಿಂದ ಮೂರು ಗಂಟೆ ಡ್ರೈವ್ ಮಾಡಿದ್ರೆ ಒಕ್ಲಹೋಮಾ ಸಿಟಿ, ಕಾಲೇಜ್ ಹುಡುಗೀರ ಸಾಫ್ಟ್‌ಬಾಲಿಗೆ ಅದೇ ಕಾಶಿ, ಆ ರಾಜ್ಯದ ಯೂನಿವರ್ಸಿಟಿಗೆ ಆಡಿದ ಜೋಸೆಲಿನ್ ಆಲೋ 122 ಹೋಮ್ ರನ್ (ನಮ್ಮ ಸಿಕ್ಸರ್ ಥರ) ಹೊಡೆದು ರೆಕಾರ್ಡ್ ಮಾಡಿದ್ಲು, ಹಿಂದಿನದು 95. ಅವಳ ಫೋಟೋನೇ ನಮ್ಮ ಕೋಚಿನ ಫೋನಲ್ಲಿ ವಾಲ್‌ಪೇಪರು. ನಮ್ಮ ಭದ್ರಾವತಿ ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟಿನ ಮೊದಲ ಇನ್ನಿಂಗ್ಸಲ್ಲಿ ಸೊನ್ನೆ ಸುತ್ತಿದ್ರು, ಎರಡನೇದ್ರಲ್ಲಿ 137. ಇವರ ಕೈಗೆ ಸಿಕ್ಕಿದ್ರೆ ಸೊನ್ನೆ ನೋಡಿದ್ಮೇಲೆ ಸ್ಕ್ವೇರ್ ಕಟ್ಟಿಗೆ ಬೀಗ ಹಾಕಿ ಹನ್ನೊಂದನೇ ನಂಬರಿಗೆ ಕಳಿಸ್ತಿದ್ರು.

ಅತ್ತ ಸ್ಕೋರ್‌ಬುಕ್ಕಲ್ಲಿ ಈ ತ್ಯಾಗಕ್ಕೆ ಸಿಗೋ ಗೌರವ ಏನು? ಸ್ಯಾಕ್ರಿಫೈಸ್ ಬಂಟ್ ಆದ್ರೆ ಅದನ್ನ ಬ್ಯಾಟ್ ಮಾಡಿದ್ದು ಅಂತಲೇ ಎಣಿಸಲ್ಲ. ಪುಟ್ಟಿ ಒಂದಿನ ಆ್ಯಪ್ ನೋಡ್ಕೊಂಡು ಕೇಳಿದ್ಲು, "ಅಪ್ಪಾ, ಐ ವಾಸ್ ದೇರ್ ಅಲ್ವಾ?"

ಇದನ್ನೆಲ್ಲ ಪೇರೆಂಟ್ಸ್ ಗ್ರೂಪಲ್ಲಿ ಬರೆದೆ, ಉದ್ದುದ್ದ ಬರೆದೆ. "ಇಷ್ಟು ಕಾಳಜಿ ಇದ್ರೆ ವಾಲಂಟಿಯರ್ ಮಾಡಿ" ಅಂತ ಒಂದು ಶರ್ಟು ಕೊಟ್ರು. ಹೋದ ಶನಿವಾರ ಕೋಚ್ ಯಾವುದೋ ಮದುವೆಗೆ ಹೋಗಿದ್ರು, ಥರ್ಡ್ ಬೇಸ್ ಪಕ್ಕ ನಾನೇ ನಿಂತಿದ್ದೆ. ಕೊನೇ ಇನ್ನಿಂಗ್ಸ್, ಸ್ಕೋರ್ ಏಳು ಏಳು, ಫಸ್ಟ್ ಬೇಸಲ್ಲಿ ಪುಟ್ಟಿ, ಬ್ಯಾಟಿಂಗಿಗೆ ಬಂದವಳು ಹನ್ನೊಂದನೇ ನಂಬರಿನ ಹುಡುಗಿ, ಅವಳಪ್ಪ ಬೇಲಿ ಹಿಂದೆ ನಿಂತು ನನ್ನನ್ನೇ ನೋಡ್ತಿದ್ದ. ಆ ಕಡೆ ಟೇಬಲ್ ಮೇಲೆ ಟ್ರೋಫಿಗಳನ್ನ ಜೋಡಿಸ್ತಿದ್ರು, ಪ್ಲಾಸ್ಟಿಕ್ಕೇ, ಆದ್ರೆ ಬಿಸಿಲಿಗೆ ಚೆನ್ನಾಗಿ ಹೊಳೀತಿತ್ತು.

ಕೈ ತಾನಾಗೇ ಮೂಗಿಗೆ ಹೋಯ್ತು. ಅಲ್ಲಿಂದ ಕಿವಿಗೆ.

ಮಗು ನನ್ನ ಕಡೆ ನೋಡ್ತು. ತಲೆ ಒದರ್ತು.