ಮೂರು ಚಳಿಗಾಲ ವ್ಯರ್ಥವಾಗಿ ಉರಿದ ಗ್ಯಾಸು

ಈ ತಿಂಗಳ ಗ್ಯಾಸ್ ಬಿಲ್ಲು ಕಡಿಮೆ ಬಂದಿದೆ, ಅದನ್ನು ನೋಡಿದಾಗಿನಿಂದ ನನ್ನ ಸಿಟ್ಟು ಇಳಿಯುತ್ತಿಲ್ಲ. ಚಳಿ ಕಳೆದ ವರ್ಷದಷ್ಟೇ ಇದೆ, ಮನೆಯೂ ಅದೇ, ಮನೆಯನ್ನು ಬೆಚ್ಚಗಿಡಲು ಗ್ಯಾಸಿನಿಂದ ನೀರು ಕಾಯಿಸುವ ಬಾಯ್ಲರೂ ಅದೇ. ಮುಖ್ಯವಾಗಿ ಬದಲಾದದ್ದು ಬಾಯ್ಲರಿನ ಮುಂಭಾಗದಲ್ಲಿರುವ ಒಂದು ಗುಂಡಿ: ರೇಡಿಯೇಟರುಗಳಿಗೆ, ಅಂದರೆ ಬಿಸಿನೀರು ಹರಿದು ಕೋಣೆಗಳನ್ನು ಕಾಯಿಸುವ ಲೋಹದ ಫಲಕಗಳಿಗೆ, ಹೋಗುವ ನೀರಿನ ತಾಪಮಾನವನ್ನು 75 ಡಿಗ್ರಿ ಸೆಲ್ಸಿಯಸ್‌ನಿಂದ 55ಕ್ಕೆ ನಾನೇ ಇಳಿಸಿದೆ. ಒಂದು ಸ್ಕ್ರೂ ಕೂಡ ಬಿಚ್ಚಬೇಕಿಲ್ಲದ ಈ ಕೆಲಸವನ್ನು ಮೂರು ಚಳಿಗಾಲಗಳಲ್ಲಿ ಯಾರೊಬ್ಬರೂ ಮಾಡಲಿಲ್ಲ, ಮಾಡಬಹುದೆಂದು ಹೇಳಲೂ ಇಲ್ಲ.

ನಮ್ಮದು ಕಂಡೆನ್ಸಿಂಗ್ ಬಾಯ್ಲರ್, ಅಂದರೆ ಹೊಗೆಯಲ್ಲಿರುವ ಆವಿಯನ್ನು ನೀರಾಗಿಸಿ ಅದರ ಶಾಖವನ್ನೂ ಬಳಸಿಕೊಳ್ಳುವಂಥದ್ದು. ಹೆಚ್ಚು ಹಣ ಕೊಟ್ಟು ಅದನ್ನೇ ಹಾಕಿಸಿಕೊಂಡದ್ದು ಗ್ಯಾಸು ಉಳಿಯುತ್ತದೆಂಬ ಮಾತನ್ನು ನಂಬಿ. ಗ್ಯಾಸು ಉರಿದಾಗ ನೀರಾವಿ ಹುಟ್ಟುತ್ತದೆ. ಆ ಆವಿ ಹಾಗೆಯೇ ಹೊಗೆಕೊಳವೆಯಿಂದ ಹೊರಗೆ ಹೋದರೆ ಗ್ಯಾಸಿನ ಶಾಖದಲ್ಲಿ ಸುಮಾರು ಹತ್ತನೇ ಒಂದು ಭಾಗ ಅದರೊಂದಿಗೇ ಹೋಗುತ್ತದೆ. ರೇಡಿಯೇಟರುಗಳನ್ನು ಸುತ್ತಿ ಮರಳಿ ಬರುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಆ ಆವಿ ಬಾಯ್ಲರಿನೊಳಗೇ ನೀರಾಗಿ, ತನ್ನ ಗುಪ್ತೋಷ್ಣವನ್ನು, ಅಂದರೆ ತನ್ನಲ್ಲಿ ಅಡಗಿರುವ ಶಾಖವನ್ನು, ಮರಳಿಸುತ್ತದೆ. ನೀರು ಇನ್ನೂ ತಣ್ಣಗಿದ್ದಷ್ಟೂ ಉಳಿತಾಯ ಹೆಚ್ಚು. 75 ಡಿಗ್ರಿಯಲ್ಲಿ ಹೊರಟ ನೀರು ನಮ್ಮ ಮನೆಯಲ್ಲಿ 60ರ ಆಸುಪಾಸಿನಲ್ಲಿ ಮರಳುತ್ತಿತ್ತು. ಅಂದರೆ ಯಾವ ಗುಣಕ್ಕಾಗಿ ಆ ಯಂತ್ರವನ್ನು ಕೊಂಡೆವೋ ಆ ಗುಣ ಕೆಲಸ ಮಾಡಲು ಅವಕಾಶವೇ ಇರಲಿಲ್ಲ. ಅಳವಡಿಸಿದವರು ಅದನ್ನು ಹಾಗೆಯೇ ಬಿಟ್ಟು, ಸಹಿ ಹಾಕಿಸಿಕೊಂಡು ಹೋದರು.

ಪ್ರತಿ ವರ್ಷ ಸರ್ವಿಸ್‌ಗೆ ಬಂದವರೂ ಅದನ್ನು ಮುಟ್ಟಲಿಲ್ಲ. ಹೊಗೆಯನ್ನು ಅಳೆದರು, ಸುರಕ್ಷತೆಯ ಪರೀಕ್ಷೆಗಳನ್ನು ಮಾಡಿದರು. ಆ ಕೆಲಸ ಅಗತ್ಯವೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಿಲ್ಲು ಇಷ್ಟೇಕೆ ಬರುತ್ತಿದೆ ಎಂದು ಕೇಳಿದಾಗ ಸಿಕ್ಕ ಉತ್ತರ, "ಹಳೇ ಮನೆ ಮೇಡಂ, ಇನ್ನೂ ದೊಡ್ಡ ಬಾಯ್ಲರ್ ಹಾಕಿಸಿಬಿಡಿ." ಈ ಸಲಹೆಯನ್ನು ನೆನೆದಾಗಲೆಲ್ಲ ಮೈ ಉರಿಯುತ್ತದೆ. ನಮ್ಮ ಬಾಯ್ಲರ್ ಆಗಲೇ ಮನೆಗೆ ಬೇಕಾದುದಕ್ಕಿಂತ ದೊಡ್ಡದು. ಕೆಲವೇ ನಿಮಿಷ ಉರಿದು, ನೀರು ಬೇಗ ಬಿಸಿಯಾಯಿತೆಂದು ಆರಿ, ಮತ್ತೆ ಹೊತ್ತಿ ಮತ್ತೆ ಆರುತ್ತಿತ್ತು. ಹಾಗೆ ಪದೇ ಪದೇ ಹೊತ್ತಿ ಆರುವುದರಲ್ಲಿ ಗ್ಯಾಸೂ ಹಾಳು, ಯಂತ್ರದ ಆಯುಷ್ಯವೂ ಹಾಳು. ಅದಕ್ಕಿಂತ ದೊಡ್ಡದನ್ನು ಹಾಕಿಸಿದ್ದರೆ ಆ ರೋಗವೇ ಹೆಚ್ಚುತ್ತಿತ್ತು.

ಹಣದ ನಷ್ಟವನ್ನಾದರೂ ನುಂಗಿಕೊಳ್ಳಬಹುದು, ಆದರೆ ಅಮ್ಮನ ಕೋಣೆಯ ವಿಷಯವನ್ನು ನನ್ನಿಂದ ಮರೆಯಲಾಗುತ್ತಿಲ್ಲ. ಅವರ ಕೋಣೆ ಬಾಯ್ಲರಿನಿಂದ ಎಲ್ಲಕ್ಕಿಂತ ದೂರ. ಹಜಾರದ ರೇಡಿಯೇಟರ್ ಕೈ ಸುಡುವಷ್ಟು ಕಾದಿರುವಾಗ ಅವರ ಕೋಣೆಯದು ಉಗುರುಬೆಚ್ಚಗಿರುತ್ತಿತ್ತು, ಮತ್ತು ಅಮ್ಮ ಎರಡು ಸ್ವೆಟರ್ ಹಾಕಿಕೊಂಡು, ಬಿಲ್ಲು ಹೆಚ್ಚಾಗುತ್ತದೆಂದು ನಾನು ಗೊಣಗುವುದನ್ನು ಕೇಳಿಸಿಕೊಂಡು, ಏನೂ ಹೇಳದೆ ಮಲಗುತ್ತಿದ್ದರು. ಕಾರಣ ಇಷ್ಟೇ: ಪಂಪ್ ತಳ್ಳುವ ನೀರು ಸುಲಭದ ದಾರಿಯನ್ನು ಹಿಡಿಯುತ್ತದೆ, ಹತ್ತಿರದ ರೇಡಿಯೇಟರುಗಳು ಅದನ್ನೆಲ್ಲ ಎಳೆದುಕೊಳ್ಳುತ್ತವೆ. ಪ್ರತಿ ರೇಡಿಯೇಟರಿನ ಒಂದು ತುದಿಯಲ್ಲಿ, ಪ್ಲಾಸ್ಟಿಕ್ ಮುಚ್ಚಳದ ಕೆಳಗೆ, ಒಂದು ವಾಲ್ವ್ ಇರುತ್ತದೆ. ಹತ್ತಿರದವುಗಳ ವಾಲ್ವನ್ನು ಸ್ವಲ್ಪ ಸ್ವಲ್ಪವೇ ಬಿಗಿಗೊಳಿಸಿದರೆ ದೂರದ್ದಕ್ಕೂ ನೀರು ಮುಟ್ಟುತ್ತದೆ. ಒಂದು ಭಾನುವಾರ ಸ್ಪಾನರ್ ಹಿಡಿದು ಕುಳಿತೆ, ಸಂಜೆಯ ಹೊತ್ತಿಗೆ ಅಮ್ಮನ ಕೋಣೆ ಬೆಚ್ಚಗಾಯಿತು. ಪೈಪುಗಳನ್ನು ಜೋಡಿಸಿದ ದಿನವೇ ಮಾಡಿ ಮುಗಿಸಬೇಕಿದ್ದ ಕೆಲಸವಿದು.

ಆ ಕೋಣೆಯಲ್ಲಿ ಇನ್ನೊಂದು ದೋಷವೂ ಇತ್ತು. ರೇಡಿಯೇಟರಿನ ಮೇಲ್ಭಾಗ ತಣ್ಣಗಿದ್ದು ಕೆಳಭಾಗ ಬಿಸಿಯಿದ್ದರೆ ಒಳಗೆ ಗಾಳಿ ಸೇರಿಕೊಂಡಿದೆ ಎಂದರ್ಥ. ಚಿಕ್ಕ ಕೀಲಿಯಿಂದ ಅದನ್ನು ಹೊರಬಿಟ್ಟು, ವ್ಯವಸ್ಥೆ ತಣ್ಣಗಿರುವಾಗ ಒತ್ತಡ 1ರಿಂದ 1.5 ಬಾರ್ ಇದೆಯೇ ಎಂದು ನೋಡಿಕೊಂಡರೆ ಸಾಕು. ಕೆಳಗಿನ ನಡುಭಾಗ ತಣ್ಣಗಿದ್ದರೆ ಮಾತ್ರ ತುಕ್ಕಿನ ಕೆಸರು ಕೂತಿರುವ ಸಂಭವವಿದ್ದು, ಅದಕ್ಕೆ ತಿಳಿದವರೇ ಬೇಕು.

ಮನೆಯೊಳಗಿನ ತಾಪಮಾನ ಎಷ್ಟಿರಬೇಕೆಂದು ನಿಗದಿಪಡಿಸುವ ಥರ್ಮೋಸ್ಟಾಟ್ ವಿಷಯದಲ್ಲಿ ತಪ್ಪು ನಮ್ಮದೂ ಇತ್ತು. ಬೇಗ ಬೆಚ್ಚಗಾಗಲೆಂದು ಅದನ್ನು 28ಕ್ಕೆ ತಿರುಗಿಸಿ ಮರೆಯುತ್ತಿದ್ದೆವು. ನಮ್ಮ ಮನೆಯದು ಬರಿಯ ಸ್ವಿಚ್ಚು. ಎಷ್ಟಕ್ಕೆ ತಿರುಗಿಸಿದರೂ ಮನೆ ಬಿಸಿಯಾಗುವ ವೇಗ ಅದೇ, ನಿಲ್ಲುವುದು ಮಾತ್ರ ತಡ. ಮನೆ ಕಳೆದುಕೊಳ್ಳುವ ಶಾಖ ಒಳಗಿನ ಮತ್ತು ಹೊರಗಿನ ತಾಪಮಾನಗಳ ಅಂತರವನ್ನು ಅವಲಂಬಿಸಿರುವುದರಿಂದ, ಹೊರಗೆ 5 ಡಿಗ್ರಿಯಿರುವಾಗ ಒಳಗೆ 20ರ ಬದಲು 21 ಇಟ್ಟುಕೊಂಡರೆ ನಷ್ಟ ಹದಿನೈದರಲ್ಲಿ ಒಂದು ಪಾಲಿನಷ್ಟು ಏರುತ್ತದೆ. ಯಂತ್ರವನ್ನು ಒಪ್ಪಿಸುವಾಗ ಇದನ್ನು ಹೇಳಲು ಎಷ್ಟು ಹೊತ್ತು ಬೇಕಿತ್ತು? ಕೈಪಿಡಿಯಲ್ಲಾದರೂ ಮನೆಯವರಿಗಾಗಿ ಇರುವ ಪುಟಗಳಲ್ಲಿ ಆನ್, ಆಫ್ ಬಿಟ್ಟರೆ ಬೇರೇನಿಲ್ಲ. ನೀರಿನ ತಾಪಮಾನದ ಮಾತು ಬರುವುದು ಅಳವಡಿಸುವವರ ಭಾಗದಲ್ಲಿ, ಅವರು ಓದದ ಪುಟದಲ್ಲಿ.

ನೀರಿನ ತಾಪಮಾನ ಇಳಿಸಲು ಹೊರಟವರು ಒಂದು ಎಚ್ಚರ ವಹಿಸಬೇಕು. ಬಿಸಿನೀರನ್ನು ಟ್ಯಾಂಕಿನಲ್ಲಿ ಶೇಖರಿಸುವ ಮನೆಗಳಲ್ಲಿ ಆ ನೀರು 60 ಡಿಗ್ರಿಯಲ್ಲೇ ಇರಬೇಕು, ಇಲ್ಲದಿದ್ದರೆ ಶ್ವಾಸಕೋಶದ ಸೋಂಕು ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಬಹುದು. ಇಳಿಸಬೇಕಾದದ್ದು ರೇಡಿಯೇಟರಿನ ನೀರನ್ನು ಮಾತ್ರ. ತೀರಾ ಚಳಿಯ ದಿನ 55 ಸಾಲದಾದರೆ ತುಸು ಏರಿಸಿಕೊಳ್ಳಬಹುದು. ರೇಡಿಯೇಟರ್ ಮುಟ್ಟಿದರೆ ಮೊದಲಿನಷ್ಟು ಸುಡುವುದಿಲ್ಲ, ಹೆಚ್ಚು ಹೊತ್ತು ಬೆಚ್ಚಗಿರುತ್ತದೆ, ಕೋಣೆ ಮಾತ್ರ ಅದೇ 20ಕ್ಕೆ ತಲುಪುತ್ತದೆ.

ಈ ಸಲ ಸರ್ವಿಸ್‌ಗೆ ಬಂದವರಿಗೆ ನೀರಿನ ತಾಪಮಾನವನ್ನು ವರದಿಯಲ್ಲಿ ನಮೂದಿಸಿ ಎಂದೆ. ಅದಕ್ಕೆ ಕಾಲಂ ಇಲ್ಲ ಎಂದರು. ವರದಿಯ ಅಂಚಿನಲ್ಲಿ ನಾನೇ "55" ಎಂದು ಬರೆದು, ಅದರ ಪಕ್ಕದಲ್ಲಿ ಅವರ ಸಹಿ ಹಾಕಿಸಿಕೊಂಡೆ.