ಸ್ಟಾರ್ಟ್ ಕೂಡ ಮಾಡದೆ ಬೆಲೆ ಕಟ್ಟಿದರು

ಸಿಟ್ಟು ಇನ್ನೂ ಇಳಿದಿಲ್ಲ. ಬರೆದೇ ಮಲಗಬೇಕು.

ನನ್ನ ಹಳೇ ಬೈಕನ್ನು ಹೊಸದಕ್ಕೆ ಎಕ್ಸ್‌ಚೇಂಜ್‌ಗೆ ಕೊಟ್ಟರೆ ಎಷ್ಟು ಸಿಗಬಹುದು ಅಂತ ಕೇಳಲು ಒಂದು ಶೋರೂಮಿಗೆ ಹೋಗಿದ್ದೆ. ನೋಡಲು ಬಂದ ಹುಡುಗ ಓಡೋಮೀಟರಿನ ಫೋಟೋ ತೆಗೆದ. ಟ್ಯಾಂಕ್ ಮೇಲಿನ ಗೀರನ್ನು ಉಗುರಿನಿಂದ ಕೆರೆದು ನೋಡಿದ. ಟೈರ್ ಕಡೆ ಒಮ್ಮೆ ಬಗ್ಗಿದ. ಮೊಬೈಲಿನಲ್ಲಿ ಮಾಡೆಲ್, ವರ್ಷ ಒತ್ತಿ ಒಂದು ಮೊತ್ತ ಹೇಳಿಬಿಟ್ಟ. ಕೀ ನನ್ನ ಕೈಯಲ್ಲೇ ಇತ್ತು. ಕೊಡಿ ಅಂತ ಕೇಳಲೂ ಇಲ್ಲ.

ಯಾಕಿಷ್ಟು ಕಡಿಮೆ ಅಂದರೆ, 'ಗಾಡಿ ಹಳೇದಾಯ್ತು, ಟೈರ್, ಚೈನ್ ಎಲ್ಲ ಹೋಗಿದೆ' ಅಂದ. ಟೈರ್, ಚೈನ್ ಹೋಗಿದ್ದರೆ ಹೋಗಿದ್ದು ಟೈರ್, ಚೈನ್. ಗಾಡಿ ಅಲ್ಲ! ಚೈನ್, ಅದು ಓಡುವ ಹಲ್ಲುಚಕ್ರ ಅಂದರೆ ಸ್ಪ್ರಾಕೆಟ್, ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಮುಂದಿನ ಶಾಕ್ ಅಂದರೆ ಫೋರ್ಕಿನ ಆಯಿಲ್ ಸೀಲ್, ಇವೆಲ್ಲ ಸವೆಯಲೆಂದೇ ಇರುವ ಭಾಗಗಳು. ಸವೆದರೆ ಬದಲಿಸಬೇಕು, ಅಷ್ಟೇ. ಎಂಜಿನ್ ನೀಲಿ ಹೊಗೆ ಉಗುಳುತ್ತಿದೆಯಾ, ಆಯಿಲ್ ಕುಡಿಯುತ್ತಿದೆಯಾ, ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಕಟಕಟ ಅನ್ನುತ್ತದಾ, ಹ್ಯಾಂಡಲ್ ಬಿಗಿ ಹಿಡಿಯದಿದ್ದರೆ ಗಾಡಿ ಒಂದು ಕಡೆಗೆ ಎಳೆಯುತ್ತದಾ? ಬೈಕಿಗೆ ವಯಸ್ಸಾಯಿತೋ ಇಲ್ಲವೋ ಅಂತ ಹೇಳುವುದು ಇವು. ಇದ್ಯಾವುದನ್ನೂ ಅವನು ನೋಡಲಿಲ್ಲ. ಸ್ಟಾರ್ಟೇ ಮಾಡದವನಿಗೆ ಹೇಗೆ ಗೊತ್ತಾಗಬೇಕು?

ಆಮೇಲೆ ಹೊಸ ಬೈಕಿನ ಟೆಸ್ಟ್ ರೈಡ್ ಕೊಟ್ಟರು. ತಿರುವಿನಲ್ಲಿ ಅದು ವಾಲುವ ರೀತಿ ನೋಡಿ ನನಗೂ ಆಸೆ ಹತ್ತಿತು, ಸುಳ್ಳು ಹೇಳುವುದಿಲ್ಲ. ವಾಪಸ್ ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಅಷ್ಟು ಹಿಡಿಸಿದ್ದು ಏನು?

ಮನೆಗೆ ಬಂದು ನನ್ನ ಬೈಕಿನ ಹಿಂದಿನ ಟೈರ್ ಮುಟ್ಟಿ ನೋಡಿದೆ. ನೇರ ರಸ್ತೆಯಲ್ಲೇ ಜಾಸ್ತಿ ಓಡಿ ನಡುಭಾಗ ಚಪ್ಪಟೆಯಾಗಿದೆ, ಎರಡೂ ಕಡೆ ಏಣು ಎದ್ದಿದೆ. ಇಂಥ ಟೈರ್ ಮೊದಲು ವಾಲಲು ಒಪ್ಪುವುದಿಲ್ಲ, ಆ ಏಣು ದಾಟಿದ ಕೂಡಲೇ ದಬಕ್ಕನೆ ವಾಲುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ಎತ್ತಿ, ಹ್ಯಾಂಡಲನ್ನು ಒಂದೇ ಬೆರಳಲ್ಲಿ ಮೆಲ್ಲಗೆ ತಿರುಗಿಸಿದೆ. ಸರಿಯಾಗಿ ನಡುವೆ ಬಂದಾಗ ಚಿಕ್ಕದೊಂದು ಗುಂಡಿಯಲ್ಲಿ ಕೂತ ಹಾಗೆ ನಿಲ್ಲುತ್ತದೆ. ಅಂದರೆ ಕೋನ್ ಸೆಟ್, ಹ್ಯಾಂಡಲ್ ತಿರುಗುವ ಬೇರಿಂಗ್, ಹೋಗಿದೆ. ಹಿಂದಿನ ಚಕ್ರದ ಸ್ಪ್ರಾಕೆಟಿನ ಹಿಂಬದಿಯಲ್ಲಿ ಚೈನ್ ಹಿಡಿದು ಎಳೆದರೆ ಅರ್ಧ ಹಲ್ಲು ಕಾಣುತ್ತದೆ. ಅದಕ್ಕೂ ಕಾಲ ಬಂದಿದೆ.

ಅಂದರೆ ನಾನು ಹೋಲಿಸಿದ್ದು ಎರಡು ಬೈಕುಗಳನ್ನಲ್ಲ. ಹೊಸ ಟೈರನ್ನು ಸವೆದ ಟೈರಿನ ಜೊತೆ, ಹೊಸ ಬೇರಿಂಗನ್ನು ಗುಂಡಿ ಬಿದ್ದ ಬೇರಿಂಗಿನ ಜೊತೆ ಹೋಲಿಸಿದ್ದೆ. ಎಷ್ಟು ಜನ ಬರೀ ಒಂದು ಜೊತೆ ಟೈರಿನ ಸುಖಕ್ಕೆ ಇಡೀ ಬೈಕನ್ನೇ ಬದಲಿಸುತ್ತಿದ್ದಾರೋ ಅನ್ನಿಸಿತು. ಟೈರಿನ ಮೇಲಿನ ಗ್ರೂವ್ ಆಳವಾಗಿದೆ ಅಂತ ಟೈರ್ ಸರಿ ಇದೆ ಅಂದುಕೊಳ್ಳಬೇಡಿ. ಟೈರಿನ ಪಕ್ಕದಲ್ಲಿ ಡಾಟ್ (DOT) ಗುರುತಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ರಬ್ಬರ್ ಸುಮ್ನೆ ನಿಂತಿದ್ದರೂ ಗಟ್ಟಿಯಾಗುತ್ತಾ ಹೋಗುತ್ತದೆ.

ಹೊರಗೆ ಮಾರುವ ತಲೆನೋವು ಯಾಕೆ, ಎಕ್ಸ್‌ಚೇಂಜ್ ಸಲೀಸು ಅಲ್ವಾ ಅಂತ ಕೆಲವರು ಹೇಳುತ್ತೀರಿ. ಸಲೀಸು ನಿಜ. ಆದರೆ ಆ ಸಲೀಸಿಗೆ ನಾವೇ ದುಡ್ಡು ಕೊಡುತ್ತಿದ್ದೇವೆ. ಅವರು ಅದೇ ಟೈರ್, ಚೈನ್ ಹಾಕಿಸಿ, ತೊಳೆದು, ಲಾಭ ಇಟ್ಟು ಮಾರಬೇಕು. ಎಲ್ಲವೂ ನಮ್ಮ ಬೆಲೆಯಿಂದಲೇ ಕಡಿತ. ಎಕ್ಸ್‌ಚೇಂಜ್ ಬೋನಸ್ ಅಂತ ಬೇರೆ ಹೇಳುತ್ತಾರೆ. ಮೊದಲು ಹಳೇ ಗಾಡಿಯ ಸುದ್ದಿಯೇ ಎತ್ತದೆ ಹೊಸದರ ಕೊನೆಯ ಬೆಲೆ ಕೇಳಿ. ಆಮೇಲೆ ಎಕ್ಸ್‌ಚೇಂಜ್ ಲೆಕ್ಕ ಕೇಳಿ. ಬೋನಸ್ ಎಲ್ಲಿಂದ ಬಂತು ಅಂತ ಕಾಣುತ್ತದೆ.

ಬದಲಿಸಲೇಬಾರದು ಅಂತ ನಾನು ಹೇಳುತ್ತಿಲ್ಲ. ಚಾಸಿ ಬಾಗಿದ್ದರೆ, ಬಿಡಿಭಾಗ ಸಿಗದಿದ್ದರೆ, ಇಬ್ಬರು ಕೂತು ಏರು ಹತ್ತುವಾಗ ಪ್ರತಿಸಲ ಎಂಜಿನ್ ಉಸಿರು ಕಟ್ಟುತ್ತಿದ್ದರೆ ಬದಲಿಸಿ. ಚಿಕ್ಕ ಎಂಜಿನ್ನಿಗೆ ಯಾವ ರಿಪೇರಿಯೂ ಶಕ್ತಿ ತುಂಬುವುದಿಲ್ಲ. ಆದರೆ ಟಾಪ್ ಗೇರಿನಲ್ಲಿ ಆರ್‌ಪಿಎಂ, ಅಂದರೆ ಎಂಜಿನ್ ತಿರುಗುವ ವೇಗ, ಏರಿದರೂ ಗಾಡಿಯ ವೇಗ ಏರದಿದ್ದರೆ ಮೊದಲು ಕ್ಲಚ್ ಪ್ಲೇಟ್ ನೋಡಿಸಿ.

ನನ್ನನ್ನು ನಿಜವಾಗಿ ಕಾಡುವುದು ಎಬಿಎಸ್ ಒಂದೇ, ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ. ಬೈಕಿಗೆ ಎಲೆಕ್ಟ್ರಾನಿಕ್ ಎಬಿಎಸ್ ಬಂದದ್ದು 1988ರಲ್ಲಿ, ಬಿಎಂಡಬ್ಲ್ಯೂ ಕೆ100ರಲ್ಲಿ. ನನ್ನದರಲ್ಲಿ ಇಲ್ಲ. ಚಕ್ರದ ಸೆನ್ಸರ್, ಬ್ರೇಕ್ ಒತ್ತಡ ತಗ್ಗಿಸಿ ಏರಿಸುವ ಘಟಕ, ಅದರ ಕಂಟ್ರೋಲರ್, ಎಲ್ಲ ಸೇರಿ ಒಂದೇ ವ್ಯವಸ್ಥೆ ಅದು. ಹಳೇ ಬೈಕಿಗೆ ಮೆಕ್ಯಾನಿಕ್ ಹತ್ತಿರ ಹಾಕಿಸಿಕೊಳ್ಳುವಂಥದ್ದಲ್ಲ. ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಲಾಕ್ ಆದರೆ ಏನಾಗುತ್ತದೆ ಅಂತ ನನಗೆ ಭಯ ಇದೆ. ಬದಲಿಸಿದರೆ ಇದಕ್ಕೇ ಬದಲಿಸುತ್ತೇನೆ, ಗೀರಿಗೂ ಅಲ್ಲ, ಓಡೋಮೀಟರಿಗೂ ಅಲ್ಲ.

ಸದ್ಯಕ್ಕೆ ಎರಡೂ ಟೈರ್, ಕೋನ್ ಸೆಟ್, ಚೈನ್ ಸ್ಪ್ರಾಕೆಟ್ ಹಾಕಿಸುತ್ತೇನೆ, ಫೋರ್ಕ್ ಆಯಿಲ್ ಕೂಡ. ಆಮೇಲೆ ಅದೇ ಹೊಸ ಬೈಕನ್ನು ಮತ್ತೆ ಓಡಿಸಿ ನೋಡುತ್ತೇನೆ. ಆಗಲೂ ಬೇಕು ಅನ್ನಿಸಿದರೆ ನನ್ನದನ್ನು ನಾನೇ ಮಾರುತ್ತೇನೆ. ಹಿಂದಿನ ಚಕ್ರಕ್ಕೆ ಸಾಫ್ಟ್ ಕಾಂಪೌಂಡ್, ಅಂದರೆ ಮೆತ್ತನೆಯ ರಬ್ಬರಿನ, ಟೈರ್ ಹಾಕಿಸಿದವರು ಇದ್ದರೆ, ಎಷ್ಟು ಬಾಳಿಕೆ ಬಂತು ಅಂತ ತಿಳಿಸಿ.